ಹೊಲಿಯದ ಮೂಲೆ

ನಮ್ಮದು ಹಾಸಿಗೆ ಹೊಲಿಯುವ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ನಡುವಿನ ಬಾಗಿಲಿಗೆ ಪರದೆ ಹಾಕಿದ್ದೇವೆ, ಆದರೆ ಹತ್ತಿಯ ದೂಳು ಪರದೆಗೆಲ್ಲ ಮರ್ಯಾದೆ ಕೊಡುವುದಿಲ್ಲ. ಅನ್ನದಲ್ಲಿ ಹತ್ತಿ, ಹಾಲಿನಲ್ಲಿ ಹತ್ತಿ, ನನ್ನ ಮಗಳ ಜಡೆಯಲ್ಲಿ ಹತ್ತಿ. ದಿನಕ್ಕೆ ಒಬ್ಬ ಗಿರಾಕಿಯಾದರೂ ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎಂದು ಹೇಳಿ, ಆ ಗಾದೆಯನ್ನು ತಾನೇ ಕಟ್ಟಿದವನಂತೆ ಹಲ್ಲು ಕಿರಿಯುತ್ತಾನೆ. ನಾವೂ ನಗುತ್ತೇವೆ. ಹೊಟ್ಟೆಪಾಡು, ಏನು ಮಾಡುವುದು?

ಇಷ್ಟಾದರೂ ನಮ್ಮ ಮನೆಯಲ್ಲಿ ಹಾಸಿಗೆಯ ಮೇಲೆ ಮಲಗಿದವರು ಒಬ್ಬರೂ ಇಲ್ಲ. ಎಲ್ಲರಿಗೂ ಚಾಪೆ. ‘ಮಾರೋ ಸಾಮಾನಿನ ಮೇಲೆ ಬಿದ್ಕೊಂಡ್ರೆ ಅಂಗಡಿ ಉದ್ಧಾರ ಆಗುತ್ತಾ?’ ಎನ್ನುವುದು ನಮ್ಮತ್ತೆಯ ಕಾನೂನು. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನವೂ ಚಾಪೆಯೇ ಸಿಕ್ಕಿತ್ತು. ತವರಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ಮಾವ ಹತ್ತಿ ಹಿಂಜುತ್ತಾರೆ. ಯಂತ್ರದ ಸದ್ದಿನಲ್ಲಿ ನಲವತ್ತು ವರ್ಷ ಕೂತು ಅವರಿಗೆ ಮಾತಿನ ಅಭ್ಯಾಸವೇ ತಪ್ಪಿದೆ. ಗವುಸು ಕತ್ತರಿಸಿ ಮೆಷಿನ್‌ನಲ್ಲಿ ಹೊಲಿಯುವುದು ನನ್ನ ಪಾಲು. ಆರ್ಡರ್ ಹಿಡಿಯುವುದು, ತಯಾರಾದದ್ದನ್ನು ಹೊತ್ತು ಮನೆ ಮುಟ್ಟಿಸುವುದು ನನ್ನ ಗಂಡನ ಪಾಲು. ಅತ್ತೆಯದು ಅಡುಗೆ ಮತ್ತು ಆಡಳಿತ. ಆದರೆ ಅಸಲು ಕೆಲಸ ದಬ್ಬಣದ್ದು. ತುಂಬಿದ ಹಾಸಿಗೆಯನ್ನು ಆ ಗೇಣುದ್ದದ ಸೂಜಿಯಿಂದ ಮೇಲಿಂದ ಕೆಳಕ್ಕೆ ಚುಚ್ಚಿ ಗಂಟು ಹಾಕುತ್ತ ಹೋಗಬೇಕು. ಗಂಟು ಸಡಿಲವಾದರೆ ವರ್ಷದೊಳಗೆ ಹತ್ತಿ ಉಂಡೆ ಕಟ್ಟುತ್ತದೆ, ಬಿಗಿಯಾದರೆ ಹಲಗೆಯಾಗುತ್ತದೆ. ಆ ಹದ ಇದ್ದದ್ದು ನನ್ನ ನಾದಿನಿಯ ಕೈಗೆ ಮಾತ್ರ. ಅಂಗಡಿಗೆ ಹೆಸರು ಬಂದದ್ದು ಅವಳ ಗಂಟಿನಿಂದ.

ಅವಳಿಗೊಂದು ಮದುವೆ ಗೊತ್ತಾಗಿತ್ತು, ಐದು ವರ್ಷದ ಹಿಂದೆ. ಗಂಡು, ನಾವು ಗವುಸಿನ ಬಟ್ಟೆ ತರುತ್ತಿದ್ದ ಅಂಗಡಿಯ ಸೇಲ್ಸ್‌ಮನ್. ಇಬ್ಬರೂ ಮೆಚ್ಚಿ ಆದದ್ದು. ಅವನು ಬಟ್ಟೆ ಅಳೆಯುವಾಗ ಇವಳಿಗೆ ಒಂದು ಗೇಣು ಹೆಚ್ಚಿಗೆ ಬಿಡುತ್ತಿದ್ದ, ಅದರಲ್ಲೇ ನಮಗೆಲ್ಲ ಗೊತ್ತಾಗಿತ್ತು. ಮದುವೆಯ ದಿನ ಹತ್ತಿರ ಬಂದಾಗ ಆ ಅಂಗಡಿಯ ಯಜಮಾನ ತನ್ನ ಮಗಳನ್ನೂ ಅಂಗಡಿಯನ್ನೂ ಒಟ್ಟಿಗೆ ಕೊಡುತ್ತೇನೆಂದ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಜಾತಿಯಲ್ಲ ಆ ಸೇಲ್ಸ್‌ಮನ್. ಇವಳಿಗೆ ಒಂದು ಫೋನ್ ಮಾಡಿ, ‘ನನ್ನ ಪರಿಸ್ಥಿತಿ ಅರ್ಥ ಮಾಡ್ಕೋ’ ಎಂದ. ಅಷ್ಟೇ.

ಅಷ್ಟರಲ್ಲಿ ಮಾವ ಮಗಳಿಗೆಂದು ಡಬಲ್ ಹಾಸಿಗೆ ಮಾಡಿ ಮುಗಿಸಿದ್ದರು. ಅವರ ಕೈಯ ಅತಿ ಒಳ್ಳೆಯ ಹತ್ತಿ. ಮನೆಮಗಳ ಹಾಸಿಗೆಗೆ ಅವರದೊಂದು ಪದ್ಧತಿ ಇತ್ತು, ಅವರಪ್ಪನಿಂದ ಬಂದದ್ದು. ಒಂದು ಮೂಲೆಯನ್ನು ಅಂಗೈ ಅಗಲ ಹೊಲಿಯದೆ ಬಿಡುವುದು. ಹುಡುಗಿ ಹೊಸ ಮನೆಗೆ ಹೋದ ಮೇಲೆ ತಾನೇ ಕೂತು ಅದನ್ನು ಹೊಲಿಯಬೇಕು. ಅಲ್ಲಿಯವರೆಗೆ ಯಾರೂ ಅದರ ಮೇಲೆ ಮಲಗಬಾರದು. ಮದುವೆ ಮುರಿಯಿತು, ಹಾಸಿಗೆ ಉಳಿಯಿತು. ಅಂಗಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಮಾರಲು ಮಾವ ಬಿಡಲಿಲ್ಲ, ಬಿಚ್ಚಲು ಅತ್ತೆ ಬಿಡಲಿಲ್ಲ. ನನ್ನ ಮಗಳು ಅದರ ಹಿಂದೆ ಬಚ್ಚಿಟ್ಟುಕೊಂಡು ಬೈಸಿಕೊಳ್ಳುವಷ್ಟು ದೊಡ್ಡವಳಾದಳು. ನಾದಿನಿ ಮಾತ್ರ ಮೊದಲಿನಿಂದ ಮಲಗುತ್ತಿದ್ದ ಜಾಗದಲ್ಲೇ, ಆ ಹಾಸಿಗೆಯ ಬುಡದಲ್ಲಿ, ಚಾಪೆ ಹಾಸಿ ಮಲಗುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕು, ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗವುಸಿನ ಬಟ್ಟೆ ಆಮೇಲೂ ಅದೇ ಅಂಗಡಿಯಿಂದಲೇ ಬರುತ್ತಿತ್ತು. ‘ಬಟ್ಟೆ ಮೇಲೇನು ಕೋಪ?’ ಎಂದ ನನ್ನ ಗಂಡ. ‘ಅವನ ಬಟ್ಟೆ ಬಣ್ಣ ಬಿಡಲ್ಲ.’ ಅವನು ಅಳೆದು ಕೊಟ್ಟ ಬಟ್ಟೆಗೆ ಇವಳು ಐದು ವರ್ಷ ಗಂಟು ಹಾಕಿದಳು, ತುಟಿ ಪಿಟಕ್ಕೆನ್ನದೆ.

ಹಾಗಿರುವಾಗ ಒಂದು ಮಧ್ಯಾಹ್ನ ತಳ್ಳುಗಾಡಿಯ ಮೇಲೆ ಡಬಲ್ ಹಾಸಿಗೆ ಹೇರಿಕೊಂಡು ಒಬ್ಬ ಬಂದ. ಲಿಫ್ಟ್ ರಿಪೇರಿ ಮಾಡುವವನು, ಅಂಗಿಯ ಜೇಬಿನ ಮೇಲೆ ಕಂಪನಿಯ ಚಿತ್ರ. ವಯಸ್ಸು ನಲವತ್ತರ ಹತ್ತಿರ, ತಲೆ ತುಂಬ ಗ್ರೀಸು.

“ಇದನ್ನ ಅರ್ಧ ಮಾಡ್ಕೊಡಿ” ಎಂದ.

“ಅರ್ಧ ಅಂದ್ರೆ?” ನನ್ನ ಗಂಡ ಕೇಳಿದ.

“ಇದು ಇಬ್ಬರದ್ದು. ಒಬ್ಬನಿಗೆ ಆಗೋ ಹಾಗೆ ಮಾಡಿ.”

ಯಂತ್ರದ ಹಿಂದಿನಿಂದ ಮಾವ ಬಾಯಿ ಬಿಟ್ಟರು. “ಹಾಸಿಗೆ ಕುಯ್ಯಲ್ಲ ನಾವು. ಬಿಚ್ಚಿ ಮತ್ತೆ ತುಂಬ್ತೀವಿ.”

ಅತ್ತೆ ಪರದೆ ಸರಿಸಿ ಬಂದರು. ಅವರಿಗೆ ಸುತ್ತು ಬಳಸು ಗೊತ್ತಿಲ್ಲ. “ಹೆಂಡ್ತಿ ತೀರ್ಕೊಂಡ್ರಾ?”

“ಇಲ್ಲಮ್ಮಾ, ಚೆನ್ನಾಗಿದ್ದಾಳೆ. ನನ್ನ ಜೊತೆ ಇದ್ದಾಗಿನದಕ್ಕಿಂತ ಚೆನ್ನಾಗಿದ್ದಾಳಂತೆ. ಡೈವೋರ್ಸ್ ಆಯ್ತು.”

ಮೂಲೆಯಲ್ಲಿ ಕೂತಿದ್ದ ನಾದಿನಿಯ ಬಾಯಲ್ಲಿ ದಾರವಿತ್ತು. ಪಕ್ಕನೆ ನಕ್ಕುಬಿಟ್ಟಳು, ದಾರ ಕೆಳಗೆ ಬಿತ್ತು. ನಾವೆಲ್ಲ ತಿರುಗಿ ನೋಡಿದೆವು. ಆ ನಗುವನ್ನು ಕೇಳಿ ಎಷ್ಟು ಕಾಲವಾಗಿತ್ತೆಂದರೆ ಯಾರೋ ಹೊರಗಿನವರು ನಕ್ಕರೇನೋ ಅನ್ನಿಸಿತು.

ಹಾಸಿಗೆಯನ್ನು ನೆಲಕ್ಕೆ ಹಾಸಿ ಅವಳೇ ಬಿಚ್ಚಲು ಕೂತಳು. ಎರಡು ಅಂಚಿನಲ್ಲಿ ಎರಡು ಹಳ್ಳ, ನಡುವೆ ದಿಣ್ಣೆ. ಅವಳು ಅದರ ಮೇಲೆ ಕೈ ಆಡಿಸಿದಳು.

“ನಡುವೆ ಹೊಸದರ ಹಾಗೇ ಇದೆ.”

“ಹೂಂ. ಏಳು ವರ್ಷದ ಹೊಸದು” ಎಂದ ಅವನು.

ಈ ಸಲ ಅವಳು ನಗಲಿಲ್ಲ. ಅವನ ಮುಖ ನೋಡಿದಳು, ಅಷ್ಟೇ.

ನಮ್ಮ ಮಾವನದು ಇನ್ನೊಂದು ಹಟ. ಒಬ್ಬರ ಮನೆಯ ಹತ್ತಿ ಇನ್ನೊಬ್ಬರ ಹಾಸಿಗೆಗೆ ಸೇರಬಾರದು, ಅಂಗಡಿಯಲ್ಲೂ ಉಳಿಯಬಾರದು. ಅವನು ‘ಮಿಕ್ಕಿದ್ದು ನನಗೆ ಬೇಡ’ ಎಂದರೂ ಕೇಳಲಿಲ್ಲ. ಸಿಂಗಲ್ ಹಾಸಿಗೆ ತುಂಬಿ ಉಳಿದ ಹತ್ತಿಗೆಲ್ಲ ದಿಂಬು ಮಾಡಿಸಿದರು. ಎಂಟು ದಿಂಬು! ಅವನು ಎರಡು ಕಂಕುಳಲ್ಲಿ ದಿಂಬು ಸಿಕ್ಕಿಸಿಕೊಂಡು ನಿಂತಾಗ ನನ್ನ ಮಗಳು ಬಿದ್ದು ಬಿದ್ದು ನಕ್ಕಳು.

“ಒಬ್ಬನಿಗೆ ಎಂಟು ದಿಂಬು ಯಾಕೆ ಸ್ವಾಮೀ?”

“ನಿಮ್ಮ ಹತ್ತಿ. ತಗೊಂಡೋಗಿ” ಎಂದರು ಮಾವ.

ಆವತ್ತಿನಿಂದ ನಮ್ಮ ಮನೆಯಲ್ಲಿ ಅವನಿಗೆ ‘ಅರ್ಧ ಹಾಸಿಗೆ’ ಎಂದು ಹೆಸರಾಯಿತು.

ಮುಂದಿನ ವಾರ ಅರ್ಧ ಹಾಸಿಗೆ ಒಂದು ದಿಂಬು ಹಿಡಿದುಕೊಂಡು ಬಂದ. ಎತ್ತರ ಆಯಿತಂತೆ. ನಾದಿನಿ ಬಿಚ್ಚಿ ಎರಡು ಹಿಡಿ ಹತ್ತಿ ತೆಗೆದಳು. ಅದರ ಮುಂದಿನ ವಾರ ಇನ್ನೊಂದು ದಿಂಬು, ಅದು ತಗ್ಗಾಯಿತಂತೆ. ಮೊದಲಿನದರಿಂದ ತೆಗೆದದ್ದರಲ್ಲಿ ಒಂದು ಹಿಡಿಯನ್ನು ಇದಕ್ಕೆ ತುಂಬಿದಳು.

“ನಿಮ್ಮ ಕತ್ತು ವಾರಕ್ಕೊಂದು ಥರ ಇರುತ್ತಾ?” ಎಂದು ಕೇಳಿದಳು.

“ಲಿಫ್ಟ್ ಗುಂಡಿಯೊಳಗೆ ದಿನವೆಲ್ಲ ಮೇಲೆ ನೋಡ್ಕೊಂಡು ನಿಂತಿರ್ತೀನಲ್ಲ, ಕತ್ತು ಉದ್ದ ಆಗಿರ್ಬೇಕು.”

“ಹಾಗಾದ್ರೆ ಎಂಟೂ ಒಟ್ಟಿಗೆ ತಂದ್ಬಿಡಿ. ಒಂದೇ ದಿನ ಮುಗಿಸಿಕೊಡ್ತೀನಿ.”

“ಅದೆಲ್ಲ ಆಗಲ್ಲ. ಒಂದೊಂದಾಗೇ ಕೆಡ್ತಿವೆ.”

ನಾನು ಮೆಷಿನ್ ತುಳಿಯುತ್ತ ತುಟಿ ಕಚ್ಚಿಕೊಂಡೆ. ಒಳಗೆ ಅತ್ತೆ ಆಲೂಗಡ್ಡೆ ಹೆಚ್ಚುತ್ತಿದ್ದವರು ಅವನು ಹೋದ ಮೇಲೆ ಹೊರಗೆ ಬಂದು ದಿಂಬಿನಿಂದ ಉಳಿದಿದ್ದ ಹತ್ತಿ ಹಿಸುಕಿ ನೋಡಿದರು.

“ದಿಂಬಿಗೇನೂ ಆಗಿಲ್ಲ. ಅವನ ತಲೆಗಾಗಿದೆ.”

“ಗಿರಾಕಿ ಅಮ್ಮಾ” ಎಂದಳು ನಾದಿನಿ.

“ವ್ಯಾಪಾರದ ನೆಪದಲ್ಲಿ ಹಲ್ಲು ಬಿಡೋ ಅಭ್ಯಾಸ ಒಂದ್ಸಲ ಮಾಡಿ ಆಗಿದೆಯಲ್ಲ. ಸಾಲ್ದಾ?”

ನಾದಿನಿ ದಾರಕ್ಕೆ ಮೇಣ ಉಜ್ಜತೊಡಗಿದಳು. ಅವಳು ಅಳುತ್ತಿದ್ದ ಕಾಲದಲ್ಲಿ ‘ಎಷ್ಟು ದಿನ ಅಂತ ಅಳ್ತೀಯೇ, ಮನೆಗೆ ದರಿದ್ರ’ ಎಂದು ಬೈದ ಬಾಯಿಯೇ ಇದು. ನಕ್ಕರೆ ಅದಕ್ಕಿಂತ ಹೆಚ್ಚು ಬೈಯುತ್ತದೆಂದು ಆಗ ನಮಗೆ ಗೊತ್ತಿರಲಿಲ್ಲ.

ವಾರಗಳು ಹೋದವು, ದಿಂಬುಗಳು ಬಂದವು. ಅವರ ಮಾತೆಲ್ಲ ನನ್ನ ಮೆಷಿನ್ನಿನ ಪಕ್ಕದಲ್ಲೇ ನಡೆಯುತ್ತಿತ್ತು. ಕದ್ದು ಕೇಳಿದೆ ಅಂದುಕೊಳ್ಳಬೇಡಿ, ನಮ್ಮ ಅಂಗಡಿಯಲ್ಲಿ ಕದಿಯುವಷ್ಟು ಜಾಗವೇ ಇಲ್ಲ.

“ಅವರು ಬಿಟ್ಟು ಹೋದಾಗ ತುಂಬ ಅತ್ರಾ?” ಎಂದು ಒಂದು ದಿನ ಅವಳು ಕೇಳಿದಳು.

“ಮೊದಲು ಅಳು ಬರ್ಲಿಲ್ಲ. ಕೆಲಸಕ್ಕೆ ಹೋಗ್ತಿದ್ದೆ, ಬರ್ತಿದ್ದೆ. ಆಮೇಲೊಂದು ದಿನ ಅವಳು ತುಂಬಿಟ್ಟಿದ್ದ ಉಪ್ಪಿನ ಡಬ್ಬಿ ಖಾಲಿ ಆಯ್ತು. ಆವತ್ತು ಒಲೆ ಆರಿಸಿ ಕೂತ್ಕೊಂಡು ಅತ್ಬಿಟ್ಟೆ. ನೀವು?”

“ನನಗೆ ಅಳೋಕೆ ಜಾಗ ಇರ್ಲಿಲ್ಲ. ಎಲ್ಲಿ ಕೂತ್ರೂ ಯಾರಾದ್ರೂ ಹತ್ತಿ ಹಿಂಜ್ತಿರ್ತಾರೆ.”

“ಮತ್ತೆ?”

“ಹತ್ತಿ ಮುಖಕ್ಕೆ ಒತ್ಕೊಂಡು ಅತ್ತಿದ್ದೀನಿ. ಯಾರ್ಯಾರ ದಿಂಬಿಗೆ ಹೋಯ್ತೋ ಆ ಹತ್ತಿ.”

ನನ್ನ ಕಾಲು ಮೆಷಿನ್ ಮೇಲೆ ನಿಂತುಹೋಯಿತು. ಒಂದೇ ಸೂರಿನಡಿ ಇದ್ದು, ಒಂದೇ ಪಾತ್ರೆಯಲ್ಲಿ ಉಂಡು, ಈ ಮಾತನ್ನು ನಾನು ಕೇಳಿದ್ದು ಆವತ್ತೇ. ಕೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ನಾದಿನಿ ಬದಲಾದಳು. ಊಟಕ್ಕೆ ಕೂತರೆ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಮಗಳ ಜೊತೆ ಕುಂಟಾಬಿಲ್ಲೆ ಆಡಿದಳು. ಒಂದು ರಾತ್ರಿಯೂಟದಲ್ಲಿ ತಟ್ಟೆಯಿಂದ ಕಣ್ಣೆತ್ತದೆ ಅಣ್ಣನಿಗೆ ಹೇಳಿದಳು:

“ಇನ್ನು ಮೇಲೆ ಅವನಂಗಡಿ ಬಟ್ಟೆ ತರಬೇಡ ಅಣ್ಣಾ.”

ನನ್ನ ಗಂಡನ ಕೈ ಅರ್ಧಕ್ಕೇ ನಿಂತಿತು. “ಇದ್ದಕ್ಕಿದ್ದ ಹಾಗೆ ಏನಾಯ್ತೇ?”

“ಇದ್ದಕ್ಕಿದ್ದ ಹಾಗಲ್ಲ. ಐದು ವರ್ಷದಿಂದ.”

“ಹೇಳ್ಬೇಕಿತ್ತು.”

“ನೀನು ಕೇಳ್ಬೇಕಿತ್ತು.”

ಮಾವ ಬೇಳೆಯ ಬಟ್ಟಲು ಮಗಳ ಕಡೆ ಸರಿಸಿದರು. ಅತ್ತೆ ಮಾತ್ರ ಮಗಳನ್ನೇ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು. ಹಾಲು ಉಕ್ಕುವ ಮೊದಲು ಒಲೆಯ ಮುಂದೆ ನಿಂತಾಗಿನ ನೋಟ ಅದು.

ಮುಂದಿನ ವಾರ ಅರ್ಧ ಹಾಸಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವನ ಒಂದು ದಿಂಬು, ಗವುಸು ಬಿಚ್ಚಿದ್ದು, ನಮ್ಮಲ್ಲೇ ಉಳಿದಿತ್ತು. ನಾದಿನಿ ಅದನ್ನು ಹೊಲಿದು ಮುಗಿಸಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. ಯಾರು ಬಂದರೂ ಮೊದಲು ತಲೆ ಎತ್ತುವುದು, ಆಮೇಲೆ ತಗ್ಗಿಸುವುದು. ನೋಡಲಾಗುತ್ತಿರಲಿಲ್ಲ. ಎರಡನೇ ಸಲದ ಅನ್ನ ನಿಂತಿತು. ಒಂದು ದಿನ ದಬ್ಬಣ ಅಂಗೈಗೆ ಚುಚ್ಚಿಕೊಂಡಳು. ಹದಿನೈದು ವರ್ಷ ಪಳಗಿದ ಕೈ ಅದು, ಎಂದೂ ಚುಚ್ಚಿಸಿಕೊಂಡದ್ದಲ್ಲ.

“ಫೋನ್ ಮಾಡಿ ನೋಡೇ” ಎಂದೆ, ಅರಿಶಿನ ಒತ್ತುತ್ತ.

“ನಾನ್ಯಾಕೆ ಮಾಡ್ಲಿ ಅತ್ತಿಗೆ? ದಿಂಬು ಅವರದು.”

“ಅಯ್ಯೋ, ದಿಂಬಿನ ಸುದ್ದಿ ಯಾರು ಕೇಳಿದ್ರು?”

“ಬಿಡಿ. ಗಂಡಸರು ಅಳತೆ ಮಾಡೋವರೆಗೆ ಮಾತ್ರ ನಗ್ತಾರೆ. ಅವನೂ ಅಷ್ಟೇ, ಇವನೂ ಅಷ್ಟೇ.”

ಅತ್ತೆ ಆ ದಿನಗಳಲ್ಲಿ ಮಗಳ ಮೇಲೆ ಎಲ್ಲಿಲ್ಲದ ಪ್ರೀತಿ ತೋರಿಸಿದರು. ಅವಳಿಗೊಬ್ಬಳಿಗೇ ಮೊಟ್ಟೆ ಬೇಯಿಸಿ ಕೊಟ್ಟರು. ತಲೆ ನೇವರಿಸಿ, “ನನ್ನ ಕಂದಾ, ನಿನಗೆ ನಾವಿದ್ದೀವಿ” ಎಂದರು. ಅಳುವ ಮಗಳು ಕೈಗೆ ಸಿಕ್ಕಿದ್ದೇ ಅವರ ಮುಖ ಹಗುರಾಗಿತ್ತು. ಇದನ್ನು ಬರೆಯಲು ನನಗೇ ನಾಚಿಕೆ, ಆದರೆ ಕಂಡದ್ದು ಕಂಡ ಹಾಗೆ ಹೇಳುತ್ತಿದ್ದೇನೆ.

ನಿಜ ಹೊರಬಿದ್ದದ್ದು ಒಂದು ಮೆಟ್ಟಿಲ ಮೇಲೆ. ಎತ್ತರದ ಕಟ್ಟಡವೊಂದರ ಐದನೇ ಮಹಡಿಗೆ ಹಾಸಿಗೆ ಮುಟ್ಟಿಸಬೇಕಿತ್ತು. ಕೂಲಿಯವನು ಕೈಕೊಟ್ಟ, ನನ್ನ ಗಂಡ ನನ್ನನ್ನೇ ಕರೆದುಕೊಂಡು ಹೋದ. ಹೋದರೆ ಲಿಫ್ಟ್ ಕೆಟ್ಟಿದೆ. ಅವನು ಮುಂದೆ, ನಾನು ಹಿಂದೆ, ನಡುವೆ ಆ ಹಾಳು ಹಾಸಿಗೆ. ಅವನ ಮುಖ ನನಗೆ ಕಾಣದು, ನನ್ನದು ಅವನಿಗೆ. ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ನೆಲದ ಮಟ್ಟದಲ್ಲಿ ಒಂದು ತಲೆ, ತಲೆ ತುಂಬ ಗ್ರೀಸು.

“ಅಕ್ಕಾ! ನೀವಾ?” ಎಂದಿತು ಆ ತಲೆ.

“ಬದುಕಿದ್ದೀರಾ?” ಎಂದೆ. ಬೇರೆ ಏನು ಹೇಳಲಿ? “ನಿಮ್ಮ ದಿಂಬು ಬಿದ್ದಿದೆ ಅಂಗಡೀಲಿ.”

“ಬರ್ಬೇಕು ಅಂತಿದ್ದೆ. ಮದುವೆ ಮನೆ, ಸುಮ್ನೆ ಯಾಕೆ ಅಂತ... ಯಾವಾಗ ಮದುವೆ?”

“ಯಾರ ಮದುವೆ?”

“ನಿಲ್ಬೇಡ ಕಣೇ, ಕೈ ಬೀಳ್ತಿದೆ ನನ್ನದು!” ಮೇಲಿನಿಂದ ಗಂಡನ ಧ್ವನಿ.

“ನಿಮ್ಮ ನಾದಿನೀದು. ಆ ಗೋಡೆಗಿಟ್ಟಿರೋ ಹಾಸಿಗೆಯ ಒಂದು ಮೂಲೆ ಹೊಲಿದಿಲ್ಲ ಯಾಕೆ ಅಂತ ಅವರನ್ನ ಕೇಳಿದೆ, ಅವರು ಹೇಳ್ಲಿಲ್ಲ. ಆಮೇಲೆ ನಿಮ್ಮತ್ತೆ ಹೊರಗೆ ಬಂದು ಹೇಳಿದ್ರು. ಅದು ಅವಳ ಮದುವೆ ಹಾಸಿಗೆ, ಗಂಡು ಹಡಗಿನ ಕೆಲಸದಲ್ಲಿದ್ದಾನೆ, ಬಂದ ತಕ್ಷಣ ಮದುವೆ, ನೀನು ಬಂದು ಹೋಗಿ ಮಾಡಿದ್ರೆ ಅವಳ ಹೆಸರು ಕೆಡುತ್ತೆ ಅಂದ್ರು. ಕೈ ಮುಗಿದ್ರು ಅಕ್ಕಾ ಅವರು.”

ನನಗೆ ಮೈಯೆಲ್ಲ ಉರಿದುಹೋಯಿತು. ಹಡಗಂತೆ ಹಡಗು! ಐದು ವರ್ಷದಿಂದ ಯಾವ ಸಮುದ್ರದಲ್ಲಿ ತೇಲುತ್ತಿದ್ದಾನೆ ಆ ಗಂಡು?

“ಯಾವ ಗಂಡೂ ಇಲ್ಲ, ಯಾವ ಹಡಗೂ ಇಲ್ಲ” ಎಂದೆ. “ಆ ಹಾಸಿಗೆ ಐದು ವರ್ಷದಿಂದ ಹಾಗೇ ನಿಂತಿದೆ. ಕೈಕೊಟ್ಟು ಹೋದವನಿಗೆ ಎರಡು ಮಕ್ಕಳಾದ್ವು.”

“ಏಯ್, ಬಾಯಿ ಮುಚ್ಚೇ!” ಎಂದ ಗಂಡ.

“ನಿಮಗೆ ಗೊತ್ತಿತ್ತೇನ್ರೀ?”

ಹಾಸಿಗೆಯ ಆಚೆಯಿಂದ ಮಾತಿಲ್ಲ. ಅವನಿಗೆ ಗೊತ್ತಿತ್ತು. ನಾನು ನನ್ನ ತುದಿಯನ್ನು ಬಿಟ್ಟೆ. ಹಾಸಿಗೆ ಮೆಟ್ಟಿಲ ಮೇಲೆ ಜಾರಿ ಬಂತು, ಅದರ ಹಿಂದೆಯೇ ನನ್ನ ಗಂಡ. ಅರ್ಧ ಹಾಸಿಗೆ ಗುಂಡಿಯಿಂದ ಹತ್ತಿ ಬಂದು ಅವನನ್ನು ಎಬ್ಬಿಸಿ, ಅದೇ ಹಾಸಿಗೆಯನ್ನು ಐದನೇ ಮಹಡಿಗೆ ಹೊತ್ತುಕೊಟ್ಟ. ಗಿರಾಕಿಗೆ ಗ್ರೀಸಿನ ಬೆರಳ ಗುರುತು ಕಾಣದ ಹಾಗೆ ನಾನು ಆ ಕಡೆಯನ್ನು ಗೋಡೆಗೆ ತಿರುಗಿಸಿಟ್ಟೆ.

ಮಾರನೆಯ ದಿನ ಅವನು ತಲೆ ಸ್ನಾನ ಮಾಡಿ ಬಂದ. ಕೈಯಲ್ಲಿ ದಿಂಬಿರಲಿಲ್ಲ. ನಾವು ಊಟಕ್ಕೆ ಕೂತಿದ್ದೆವು. ಬಾಗಿಲಲ್ಲೇ ನಿಂತು ನೇರವಾಗಿ ನಾದಿನಿಗೆ ಹೇಳಿದ:

“ನಿಮಗೆ ಮದುವೆ ಗೊತ್ತಾಗಿದೆ ಅಂದ್ರು, ಅದಕ್ಕೆ ಬರ್ಲಿಲ್ಲ. ಅದು ಸುಳ್ಳು ಅಂತ ನಿನ್ನೆ ಗೊತ್ತಾಯ್ತು, ಬಂದೆ. ನನ್ನ ದಿಂಬುಗಳೆಲ್ಲ ಮೊದಲಿಂದ ಸರಿಯಾಗೇ ಇದ್ವು.”

“ಗೊತ್ತು” ಎಂದಳು ನಾದಿನಿ. ಆಮೇಲೆ ನಿಧಾನವಾಗಿ ತಾಯಿಯ ಕಡೆ ತಿರುಗಿದಳು. “ಯಾರು ಹೇಳಿದ್ದು ಮದುವೆ ಅಂತ?”

“ನಾನೇ ಹೇಳಿದೆ. ಏನೀಗ?” ಅತ್ತೆ ಸೌಟು ಕೆಳಗಿಟ್ಟರು. “ಹೆಂಡ್ತಿ ಬಿಟ್ಟೋದವನು. ಯಾಕೆ ಬಿಟ್ಟಳೋ ಏನೋ. ಒಂದ್ಸಲ ಬೆಂದಿದ್ದೀಯ, ಇನ್ನೊಂದ್ಸಲ ಬೇಯೋದು ನೋಡ್ಲಾ ನಾನು? ನಿನ್ನ ಒಳ್ಳೇದಕ್ಕೇ ಮಾಡಿದೆ.”

“ಅಮ್ಮಾ, ಆ ಬಟ್ಟೆಯಂಗಡಿಯವನು ನನ್ನ ಬಿಟ್ಟಾಗ ‘ನನ್ನ ಮಗಳ ಎದೆ ಒಡೆದ ಪಾಪಿ’ ಅಂತ ಇಡೀ ಬೀದಿಗೆ ಹೇಳ್ಕೊಂಡು ಅತ್ತಿದ್ದೆಯಲ್ಲ. ಈ ಸಲ ಒಡೆದಿದ್ದು ಯಾರು?”

“ತಾಯಿ ಮೇಲೆ ಹೀಗೆ ಮಾತಾಡ್ತೀಯಾ?”

“ಬಾಗಿಲ ಕಡೆ ನೋಡ್ಕೊಂಡು ಕೂತಿದ್ದೆನಲ್ಲ ಅಷ್ಟು ದಿನ, ನೀನು ನೋಡ್ತಿದ್ದೆ. ಮೊಟ್ಟೆ ಬೇಯಿಸಿಕೊಟ್ಟೆ. ಆಗಾದ್ರೂ ಹೇಳ್ಬಹುದಿತ್ತು.”

“ಹೇಳಿದ್ರೆ ಹೋಗ್ಬಿಡ್ತಿದ್ದೆ!”

“ಹೋಗ್ತಿದ್ದೆ. ಹೋಗ್ಲಿ ಅಂತಲೇ ಅಲ್ವಾ ಆ ಹಾಸಿಗೆ ಮಾಡಿಸಿದ್ದು?”

“ಹೋಗು, ಹೋಗು!” ಅತ್ತೆ ಕಿರುಚಿದರು. “ನೀನು ಹೋದ್ರೆ ದಬ್ಬಣ ಯಾರು ಹಿಡೀತಾರೆ? ನಿಮ್ಮಪ್ಪನ ಕೈ ನಡುಗುತ್ತೆ. ಇವಳ ಗಂಟು ನಾಲ್ಕು ದಿನಕ್ಕೆ ಬಿಚ್ಕೊಳ್ಳುತ್ತೆ. ಎಲ್ಲರ ಬಾಯಿಗೆ ಮಣ್ಣು ಹಾಕಿ ಹೋಗು!”

ಹೇಳಬಾರದೆಂದು ಬಚ್ಚಿಟ್ಟದ್ದು ತಟ್ಟೆಗಳ ನಡುವೆ ಬಂದು ಬಿದ್ದಿತ್ತು. ನನ್ನ ಗಂಡ ನೀರಿನ ಲೋಟದೊಳಗೆ ಇಣುಕುತ್ತಿದ್ದ. ಮಾವ ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ಕೈ ತೊಳೆದು ಎದ್ದುಹೋಗಿ ಯಂತ್ರ ಚಾಲೂ ಮಾಡಿದರು. ಹಿಂಜಲು ಅಲ್ಲಿ ಹತ್ತಿ ಇರಲಿಲ್ಲ, ಯಂತ್ರ ಬರಿದೇ ತಿರುಗುತ್ತಿತ್ತು.

ನಾದಿನಿ ಅಳಲಿಲ್ಲ. “ಅಷ್ಟೇ ತಾನೇ?” ಎಂದಳು. “ಇದನ್ನ ಮೊದಲೇ ಹೇಳಿದ್ರೆ ಅತ್ತಿಗೆಗೆ ಗಂಟು ಹಾಕೋದು ಕಲಿಸ್ತಿದ್ದೆ.”

ಆ ಮಾತಿನಂತೆಯೇ ಮಾಡಿದಳು, ಅದೂ ಅವಳ ಸ್ವಭಾವ. ಅವರಿಬ್ಬರೂ ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದರು, ಅದಕ್ಕೆ ಕೊಟ್ಟ ದಿನ ಬರುವವರೆಗೆ ಅವಳು ನನ್ನ ಪಕ್ಕ ಕೂತು ಕಲಿಸಿದಳು. “ದಾರ ಎಳೀಬೇಡಿ ಅತ್ತಿಗೆ, ಹತ್ತಿ ತಾನೇ ಸಾಕು ಅನ್ನೋವರೆಗೆ ಮಾತ್ರ.” ಹತ್ತಿ ನನಗೆ ಏನೂ ಅನ್ನಲಿಲ್ಲ. ಬೆರಳು ಊದಿಕೊಂಡವು. ಆ ವಾರಗಳುದ್ದಕ್ಕೂ ಅತ್ತೆ ಅಡುಗೆ ಮಾಡಿದರು, ಬಡಿಸಿದರು, ಮಗಳ ಜೊತೆ ಒಂದು ಮಾತೂ ಆಡಲಿಲ್ಲ. ಬೇಕಾದದ್ದನ್ನು ನನ್ನ ಮಗಳ ಮೂಲಕ ಹೇಳಿಸುತ್ತಿದ್ದರು. “ನಿಮ್ಮ ಸೋದರತ್ತೆಗೆ ಹೇಳು, ಅನ್ನ ಆರ್ತಿದೆ.” ಮಗುವಿಗೆ ಅದೊಂದು ಆಟವಾಗಿತ್ತು.

ಹೊರಡುವ ದಿನ ಅರ್ಧ ಹಾಸಿಗೆ ಅದೇ ತಳ್ಳುಗಾಡಿ ತಂದಿದ್ದ. ಮಾವ ನಿಂತಿದ್ದ ಹಾಸಿಗೆಗೆ ಕೈ ಹಾಕಿ ಎಳೆಯಲು ಹೋದರು. ಅತ್ತೆ ಅಡ್ಡ ನಿಂತರು.

“ಅದು ಇಲ್ಲೇ ಇರ್ಲಿ. ನಾಳೆ ಇವನೂ ಕೈಬಿಟ್ಟ ಮೇಲೆ ವಾಪಸ್ ಬರ್ತಾಳಲ್ಲ, ಆಗ ಬೇಕಾಗುತ್ತೆ.”

ಹೆತ್ತ ಬಾಯಿಂದ ಬರುವ ಮಾತೇ ಇದು? ನಾನು ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. ನಾದಿನಿ ತಂದೆಯ ಕೈ ಹಿಡಿದು ಹಾಸಿಗೆಯಿಂದ ಬಿಡಿಸಿದಳು.

“ಬೇಡಪ್ಪಾ, ಇರ್ಲಿ.”

“ನನ್ನ ಹತ್ರ ಇರೋದು ಸಿಂಗಲ್” ಎಂದ ಅವನು ಮೆಲ್ಲಗೆ, ಕಿವಿ ಕೆಂಪಾಗಿ.

“ದಿಂಬು ಎಂಟಿವೆಯಲ್ಲ” ಎಂದಳು ಅವಳು.

ಅಷ್ಟು ದುಃಖದಲ್ಲೂ ನನಗೆ ನಗು ಬಂತು. ಒಂದು ಬಟ್ಟೆಯ ಚೀಲ, ಸ್ಟೂಲಿನ ಮೇಲಿದ್ದ ಆ ಕೊನೆಯ ದಿಂಬು, ಅಷ್ಟನ್ನೇ ಗಾಡಿಯ ಮೇಲಿಟ್ಟುಕೊಂಡು ಹೋದರು. ದಬ್ಬಣವನ್ನು ಮೇಣದ ಉಂಡೆಗೆ ಚುಚ್ಚಿ ನನ್ನ ಮೆಷಿನ್ ಮೇಲೆ ಇಟ್ಟಿದ್ದಳು.

ಅತ್ತೆ ಕಾದರು. ಬಾಯಿಬಿಟ್ಟು ಹೇಳದಿದ್ದರೂ ಅಕ್ಕಿ ಅಳೆಯುವಾಗ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದರು. ಸಂಜೆಗೆ ಅದು ಮಿಗುತ್ತಿತ್ತು, ಬೆಳಿಗ್ಗೆ ಅದನ್ನು ನಾನು ತಿನ್ನುತ್ತಿದ್ದೆ. ಅಂಗಡಿಯ ಕತೆ ಕೇಳಬೇಡಿ. ನನ್ನ ಗಂಟಿನ ಎರಡು ಹಾಸಿಗೆ ವಾಪಸ್ ಬಂದವು. ನನ್ನ ಗಂಡ ಹೆಚ್ಚು ಮಾತಾಡುವುದನ್ನು ಬಿಟ್ಟ, ಅದೊಂದು ಲಾಭ.

ಒಂದು ಭಾನುವಾರ ನಾನು ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋಗಿ ಬಂದೆ. ಒಂದೇ ಕೋಣೆ. ನಾದಿನಿ ಮೈ ತುಂಬಿಕೊಂಡಿದ್ದಳು. ನನ್ನ ಬೆರಳು ಹಿಡಿದು ನೋಡಿ, “ಇನ್ನೂ ಎಳೀತಿದ್ದೀರಾ?” ಎಂದು ಬೈದಳು. ಗೋಡೆಯ ಪಕ್ಕ ಅವನ ಸಿಂಗಲ್ ಹಾಸಿಗೆ ಇತ್ತು. ಅದರ ಒತ್ತಿಗೆ ಎಂಟೂ ದಿಂಬುಗಳನ್ನು ಸಾಲಾಗಿ ಜೋಡಿಸಿ, ಅಂಚಿಗೆ ಅಂಚು ಸೇರಿಸಿ ಹೊಲಿದು, ಅವಳು ಇನ್ನರ್ಧ ಮಾಡಿದ್ದಳು. ಅವನು ಚಹಾ ಮಾಡಿದ, ಉಪ್ಪಿನ ಡಬ್ಬಿಗೆ ಕೈ ಹಾಕಿ ಸಕ್ಕರೆಯೆಂದು ಸುರಿದ. ಇಬ್ಬರೂ ಜಗಳ ಆಡಿಕೊಂಡು ನಕ್ಕರು.

ಆ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ, ಬೇಕೆಂದೇ ಗಟ್ಟಿಯಾಗಿ. ಮಾವ ಕೈ ತಡೆದು ಕೇಳಿದರು. “ಎಂಟೂ ಜೋಡಿಸಿದ್ದಾಳಾ?”

“ಎಂಟೂ. ನಡುವೆ ದಿಣ್ಣೆ ಇಲ್ಲ ಮಾವಾ.”

ಅತ್ತೆ ಪಾತ್ರೆ ತೊಳೆದಿಟ್ಟು ಅಂಗಡಿಗೆ ಬಂದು, ನಿಂತಿದ್ದ ಹಾಸಿಗೆಯ ದೂಳು ಕೊಡವಿದರು.

“ಅವಳು ಬರಲ್ಲ ಬಿಡು” ಎಂದರು ನನಗೆ. “ಇದನ್ನ ಒಂದು ಹಳೇ ಗವುಸಿಗೆ ತುಂಬಿ ಕಟ್ಟಿಡು. ಮಗು ದೊಡ್ಡವಳಾಗ್ತಾಳೆ. ಅವಳಿಗಾಗುತ್ತೆ.”

ನನ್ನ ಮಗಳು ಓಡಿಬಂದಳು. “ನನಗಾ ಅಜ್ಜೀ? ಇವತ್ತೇ ಮಲ್ಕೊಳ್ಲಾ?”

“ಈಗಲ್ಲ. ನಿನ್ನ ಮದುವೆ ಆದ ಮೇಲೆ.”

ಮಗುವಿಗೆ ಎಂಟು ವರ್ಷ. ಅವಳು ಗೋಡೆಗೆ ನಿಂತ ಹಾಸಿಗೆಯನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಅದರ ಬುಡದಲ್ಲಿ ಖಾಲಿ ಬಿದ್ದಿದ್ದ ಚಾಪೆಯ ಜಾಗ ನೋಡಿದಳು. ಅಷ್ಟು ಸಾಕಾಯಿತು ನನಗೆ. ಮೇಣದ ಉಂಡೆಯಿಂದ ದಬ್ಬಣ ಕಿತ್ತುಕೊಂಡೆ.

“ಏನ್ ಮಾಡ್ತಿದ್ದೀಯೇ?” ಎಂದರು ಅತ್ತೆ.

“ಹೊಲೀತಿದ್ದೀನಿ.”

“ಅದನ್ನ ಹೊಲಿಯಂಗಿಲ್ಲ!”

“ಹೊಲಿದಾಯ್ತು ಅತ್ತೇ” ಎಂದೆ. ಆಗಿರಲಿಲ್ಲ. ಆ ಮೂಲೆಯನ್ನು ಒಳಕ್ಕೆ ಮಡಚಿ, ದಬ್ಬಣ ತೂರಿಸಿ, ಎಳೆಯದೆ, ಹತ್ತಿ ಸಾಕು ಅನ್ನುವವರೆಗೆ ಮಾತ್ರ ಬಿಗಿದು ಗಂಟು ಹಾಕಿದೆ. ನನ್ನ ಜೀವಮಾನದಲ್ಲಿ ಸರಿಯಾಗಿ ಬಿದ್ದ ಮೊದಲ ಗಂಟು ಅದು. ಹಾಸಿಗೆಗೆ ಭುಜ ಕೊಟ್ಟು ನೂಕಿದೆ. ಧಪ್ಪನೆ ನೆಲಕ್ಕೆ ಬಿತ್ತು, ಐದು ವರ್ಷದ ದೂಳು ಎದ್ದು ಅಂಗಡಿ ತುಂಬಿತು.

ಅತ್ತೆಯ ಬಾಯಿ ತೆರೆದೇ ಇತ್ತು. ಮಾವ ಎದ್ದು ಬಂದರು. ನನಗೆ ಹೊಡೆಯುತ್ತಾರೇನೋ ಅಂದುಕೊಂಡೆ. ಅವರು ಚಪ್ಪಲಿ ಬಿಟ್ಟು, ಅಂಗಿಯ ಹತ್ತಿ ಕೊಡವಿಕೊಂಡು, ಮೆಲ್ಲಗೆ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದರು. ಕಣ್ಣು ಮುಚ್ಚಿ, “ಒಳ್ಳೇ ಹತ್ತಿ” ಎಂದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಮಗಳು ಅಜ್ಜನ ಪಕ್ಕ ಉರುಳಿಕೊಂಡಳು.

ಅತ್ತೆ ಬಹಳ ಹೊತ್ತು ನಿಂತೇ ಇದ್ದರು. ಆಮೇಲೆ ಸೊಂಟ ಹಿಡಿದುಕೊಂಡು ಅಂಚಿನಲ್ಲಿ ಕೂತರು. ಅಂಗೈ ಊರಿದರು, ಎತ್ತಿದರು, ಮತ್ತೆ ಊರಿದರು. ಹಾಸಿಗೆ ಮಾರಿ ಬದುಕಿದ ಹೆಂಗಸು, ಹಾಸಿಗೆಯ ಮೇಲೆ ಕೂತದ್ದು ಅದೇ ಮೊದಲು.

“ಇಷ್ಟು ಮೆತ್ತಗಿರುತ್ತಾ ಇದು?” ಎಂದರು.

ಅವರ ಕಣ್ಣು ಗೋಡೆಯ ಬುಡಕ್ಕೆ ಹೋಯಿತು, ಅಲ್ಲೇ ನಿಂತಿತು.

“ಐದು ವರ್ಷ ಇದರ ಪಕ್ಕದಲ್ಲೇ ಚಾಪೆ ಮೇಲೆ ಮಲಗಿದ್ದಳಲ್ಲೇ ಅವಳು.”

“ಹೂಂ ಅತ್ತೇ” ಎಂದೆ. ಬೇರೆ ಗಿರಾಕಿಯ ಹಾಸಿಗೆಯೊಂದು ಬಾಕಿ ಇತ್ತು. ದಬ್ಬಣಕ್ಕೆ ದಾರ ಪೋಣಿಸಿಕೊಂಡು ಅದರ ಮುಂದೆ ಕೂತೆ.